ಯಂತ್ರ ಕುಡಿದ ಕಾಯಿನೀರು

ವೈರುಗಳು ಸೇರುವ ಪ್ಲಗ್ಗನ್ನು ಬಿಚ್ಚಿ ಮೂಸಿದ, ಯಂತ್ರ ರಿಪೇರಿಗೆ ಬಂದಿದ್ದ ಇಂಜಿನಿಯರು, “ಇದಕ್ಕೆ ಕಾಯಿನೀರು ಕುಡಿಸಿದ್ದು ಯಾರು?” ಎಂದರು. ಡ್ರೈವರ್ ಮುನಿಯಪ್ಪನ ಮುಖ ಬಿಳಿಚಿಕೊಂಡಿತು.

ಬಂಗಾರಪೇಟೆ ಹತ್ತಿರದ ನಮ್ಮೂರ ಕೆರೆಯ ಹೂಳೆತ್ತಲು ಬಂದ ಹೊಸ ಯಂತ್ರವದು. ಒಳಗಿನ ಎಲೆಕ್ಟ್ರಾನಿಕ್ ಪೆಟ್ಟಿಗೆ ಹೇಳಿದ್ದು ಇಂಜಿನ್ನಿಗೆ ತಲುಪದೆ ಯಂತ್ರ ನಿಂತುಹೋಗಿತ್ತು. ಡ್ರೈವರೇ ಕೆಡಿಸಿದ್ದರೆ ಕೆಲಸದಿಂದ ತೆಗೆಯುತ್ತೇನೆಂದು ಕಂಟ್ರಾಕ್ಟರ್ ಕೂಗಾಡಿ ಹೋಗಿದ್ದ. ಮೊದಲ ದಿನದ ಪೂಜೆಯಲ್ಲಿ ಮುನಿಯಪ್ಪ ಯಂತ್ರದ ಮೈಮೇಲೇ ಕಾಯಿ ಒಡೆದದ್ದನ್ನು ಊರೆಲ್ಲ ನೋಡಿತ್ತು.

ಮಜ್ಜಿಗೆ ಕೊಡಲು ಹೋಗಿದ್ದ ನಾನು ಸುಮ್ಮನಿರಲಿಲ್ಲ. “ಪೂಜೆ ಮಾಡಿದ್ದು ಸರಿ ಕಣ್ಲಾ, ಅದರ ನೆತ್ತಿಮೇಲೆ ಯಾಕ್ಲಾ ವಡ್ದೆ? ನಮ್ಮೂರಾಗೆ ಕಲ್ಲಿಗೇನು ಬರವಾ?”

ಇಂಜಿನಿಯರು ನಗಲಿಲ್ಲ. ಹಸಿರುಗಟ್ಟಿದ್ದ ಪಿನ್ನುಗಳನ್ನು ಉಜ್ಜಿ, ಒಣಗಿಸಿ, ಪ್ಲಗ್ಗು ಸೇರಿಸಿದರು. ಯಂತ್ರ ಗುಡುಗಿತು. ನನ್ನಿಂದ ಇನ್ನೊಂದು ಕಾಯಿ ತರಿಸಿ, ಯಂತ್ರದ ಮುಂದಿನ ಬಂಡೆಗೆ ತಾವೇ ಒಡೆದರು. ಕಂಟ್ರಾಕ್ಟರ್ ಬಂದಾಗ, “ಒಳಕ್ಕೆ ನೀರು ಇಳಿದಿತ್ತು, ಸರಿಯಾಯ್ತು” ಎಂದಷ್ಟೇ ಹೇಳಿದರು. ಮುನಿಯಪ್ಪನ ಕೆಲಸ ಉಳಿಯಿತು.

ಮೊನ್ನೆ ನಮ್ಮ ಮನೆಗೆ ಹೊಸ ಟಿವಿ ಬಂತು. ಕುಂಕುಮ ಇಟ್ಟೆ, ಹೂ ಮುಡಿಸಿದೆ. ಕಾಯನ್ನು ಮಾತ್ರ ಹೊಸ್ತಿಲಾಚೆಯ ಕಲ್ಲಿಗೆ ಒಡೆದೆ.