ಪರಪುರುಷರ ನಿಟ್ಟುಸಿರು

ನನ್ನ ಹೆಂಡತಿ ದಿನವಿಡೀ ಪರಪುರುಷರ ನಿಟ್ಟುಸಿರು ಕೇಳುತ್ತಾಳೆ. ಅದಕ್ಕೆ ಸಂಬಳವೂ ಬರುತ್ತದೆ. ನೀವು ಏನೇನೋ ಊಹಿಸಿಕೊಳ್ಳುವ ಮೊದಲೇ ಹೇಳಿಬಿಡುತ್ತೇನೆ: ವಸುಧಾ ಇಂಗ್ಲಿಷ್ ಸಿನಿಮಾ, ಸೀರಿಯಲ್ಲುಗಳಿಗೆ ತೆರೆಯ ಕೆಳಗೆ ಮೂಡುವ ಸಾಲುಗಳನ್ನು ಬರೆಯುವವಳು. ಕಿವಿ ಕೇಳದವರು ಓದಿಕೊಳ್ಳಲೆಂದು ಬರೆಯುವ ಸಾಲುಗಳವು. ಹಾಗಾಗಿ ಬರೀ ಮಾತು ಬರೆದರೆ ಸಾಲದು. ನಾಯಕ ನರಳಿದನೇ, ಗೊಣಗಿದನೇ, ಬಿಕ್ಕಿದನೇ ಎಂಬುದನ್ನೂ ಕಂಸದೊಳಗೆ ಹಾಕಬೇಕು. ದೆಹಲಿಯ ಆರ್.ಕೆ.ಪುರಂನ ನಮ್ಮ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಬಾಲ್ಕನಿಯನ್ನೇ ಆಫೀಸು ಮಾಡಿಕೊಂಡು, ತಲೆಗೆ ದಪ್ಪನೆಯ ಹೆಡ್‌ಫೋನ್ ಏರಿಸಿ, ಯಾವನೋ ಗಡ್ಡದವನ ಒಂದು ಉಸಿರನ್ನು ಹಿಂದಕ್ಕೆ ತಿರುಗಿಸಿ ತಿರುಗಿಸಿ ಕೇಳುತ್ತ ಕೂತಿರುತ್ತಾಳೆ. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಒಂದೇ ಒಂದು ನಿಟ್ಟುಸಿರನ್ನು ಆಕೆ ಎರಡನೇ ಸಲ ಕೇಳಬಯಸಿದ್ದಿಲ್ಲ.

ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವುದೇನಿದೆ?

ಈ ಇಂಗ್ಲಿಷಿನವರು ಮನುಷ್ಯನ ಗಂಟಲಿನಿಂದ ಹೊರಡುವ ಒಂದೊಂದು ಸದ್ದಿಗೂ ನಾಮಕರಣ ಮಾಡಿಟ್ಟಿದ್ದಾರೆ. ನನ್ನ ಕಿವಿಗೆ ಗ್ರೋನ್, ಮೋನ್ ಎರಡೂ ನರಳಾಟವೇ. ವಸುಧಾಳಿಗೆ ಹಾಗಲ್ಲ. ಭಾರದ ಪೆಟ್ಟಿಗೆ ಎತ್ತುವಾಗ, ಇಲ್ಲವೇ ಸೋಮವಾರದ ಮೀಟಿಂಗ್ ನೆನಪಾದಾಗ ಎದೆಯಾಳದಿಂದ ದೊಪ್ಪನೆ ಬೀಳುವುದು ಗ್ರೋನ್. ಜ್ವರ ಬಂದವನ ಬಾಯಿಂದ ಎಳೆ ಎಳೆಯಾಗಿ ಬರುವುದು ಮೋನ್. ಮಂಬಲ್ ಮಾಡುವವನು ತುಟಿಯನ್ನೇ ಸರಿಯಾಗಿ ತೆರೆಯುವುದಿಲ್ಲ. ಸೋಮಾರಿ ಅಥವಾ ಸಂಕೋಚದವನು. ಮಟರ್ ಮಾಡುವವನಿಗೆ ಒಳಗೆ ಸಿಟ್ಟಿದೆ. ಯಾರಿಗೂ ಕೇಳಿಸಬಾರದೆಂಬಂತೆ ಹೇಳುತ್ತಾನೆ, ಕೇಳಿಸಲಿ ಎಂಬ ಆಸೆಯನ್ನೂ ಇಟ್ಟುಕೊಂಡಿರುತ್ತಾನೆ. ದೆಹಲಿಯಲ್ಲಿ ಮಟರ್ ಎಂದರೆ ಬಟಾಣಿಯಾದ್ದರಿಂದ ಈ ಸಿಟ್ಟನ್ನು ನಾನು ಎಂದೂ ಗಂಭೀರವಾಗಿ ತೆಗೆದುಕೊಂಡಿಲ್ಲ. ಮೆಲುದನಿಯ ಮರ್ಮರ್‌ನಲ್ಲಿ ಮಾತ್ರ ಸಿಟ್ಟಿಲ್ಲವಂತೆ, ಹೆಚ್ಚಾಗಿ ಪ್ರೀತಿಯೇ ಇರುತ್ತದಂತೆ. ಇದನ್ನು ಹೇಳುವಾಗ ವಸುಧಾಳ ಮುಖ ಸ್ವಲ್ಪ ಅರಳಿದಂತೆ ಕಂಡಿತು. ಆ ಗಡ್ಡದವನು ಮರ್ಮರ್ ಮಾಡುವುದರಲ್ಲಿ ನಿಸ್ಸೀಮನೆಂದು ತಿಳಿಯಿತು.

ನಮ್ಮಲ್ಲೇನು ಕಮ್ಮಿ? ಪಿಸುಗುಟ್ಟುವುದು, ಗುರುಗುಟ್ಟುವುದು, ವಟಗುಟ್ಟುವುದು, ಲೊಚಗುಟ್ಟುವುದು ಎಂದು ಒಂದು ದಂಡೇ ಇದೆ. ನನ್ನ ಸೋದರತ್ತೆ ಹೆಣ್ಣು ನೋಡಲು ಹೋದ ಮನೆಯಲ್ಲಿ ಉಪ್ಪಿಟ್ಟು ಬಾಯಿಗಿಟ್ಟು ಒಮ್ಮೆ ಲೊಚಗುಟ್ಟಿದ್ದಕ್ಕೇ ಸಂಬಂಧ ತಪ್ಪಿಹೋಯಿತೆಂದು ನಮ್ಮ ಕಡೆ ಇಂದಿಗೂ ಹೇಳುತ್ತಾರೆ. ನಮ್ಮ ಆಫೀಸಿನ ಸಾಹೇಬರು ಕಾರಿಡಾರಿನಲ್ಲಿ ಒಮ್ಮೆ ಕೆಮ್ಮಿದರೆ ಇಡೀ ಸೆಕ್ಷನ್ನಿನ ಮೊಬೈಲುಗಳು ಡ್ರಾಯರು ಸೇರುತ್ತವೆ. ಗಂಟಲಿಗೆ ಇಷ್ಟೊಂದು ಮರ್ಯಾದೆ ಇರುವ ಲೋಕದಲ್ಲಿ ನನ್ನದೊಂದಕ್ಕೇ ಬೆಲೆಯಿಲ್ಲ.

ಗಡ್ಡದಲ್ಲೇನಾದರೂ ಗುಟ್ಟಿದೆಯೇ ಎಂದು ನಾನೂ ಒಂದಷ್ಟು ದಿನ ಗಡ್ಡ ಬಿಟ್ಟು ನೋಡಿದೆ. "ಬ್ಲೇಡ್ ಮುಗಿದಿದ್ಯಾ?" ಎಂದು ಕೇಳಿದಳು, ಅಷ್ಟೇ.

ಕೊನೆಗೆ ಒಂದು ಭಾನುವಾರ ತಡೆಯಲಾಗಲಿಲ್ಲ. ಬಾಲ್ಕನಿಯ ಬಾಗಿಲಿಗೆ ನೇರವಾಗಿ ದಿವಾನಿನ ಮೇಲೆ ಮಲಗಿ, ಹೊಟ್ಟೆಯ ತಳದಿಂದ ಒಂದು ನಿಟ್ಟುಸಿರು ಎಳೆದು ಬಿಟ್ಟೆ. ಅದರಲ್ಲಿ ಬಡ್ತಿ ಸಿಗದ ನೋವು, ನಡುವಯಸ್ಸಿನ ಬೇಸರ, ದೆಹಲಿಯ ಹೊಗೆ ಎಲ್ಲವೂ ಇತ್ತು. ನನ್ನ ಮಟ್ಟಿಗೆ ಅದೊಂದು ಕಲಾಕೃತಿ. ವಸುಧಾ ತಿರುಗಿ ನೋಡಿ, ಹೆಡ್‌ಫೋನನ್ನು ಕತ್ತಿಗಿಳಿಸಿದಳು.

"ಗ್ಯಾಸಾ? ಜೀರಿಗೆ ಕಷಾಯ ಮಾಡ್ಕೊಡ್ಲಾ?"

ಪಕ್ಕದಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದ ಮಗಳು ತಲೆಯೆತ್ತದೆ, "ಪಪ್ಪಾ, ಓವರ್ ಆಕ್ಟಿಂಗ್ ಹೋ ಗಯಾ" ಎಂದಳು.

ಇನ್ನು ಮಾನ ಉಳಿಸಿಕೊಳ್ಳುವುದಕ್ಕೆ ಏನೂ ಉಳಿದಿರಲಿಲ್ಲ. ಕೇಳಿಯೇ ಬಿಟ್ಟೆ: "ಆ ಗಡ್ಡದವನು ಉಸಿರು ಬಿಟ್ರೆ ಹತ್ತು ಸಲ ಕೇಳ್ತೀಯ. ನಾನು ಬಿಟ್ರೆ ಗ್ಯಾಸು. ನನ್ನ ಕಡೆ ನಿಂಗೆ ಗಮನಾನೇ ಇಲ್ಲ ವಸು."

ಅವಳು ನಗಲಿಲ್ಲ. ಹೊಸಬರಿಗೆ ಕೆಲಸ ಕಲಿಸುವವಳ ತಾಳ್ಮೆಯಿಂದ ಹೇಳಿದಳು: "ರೀ, ನಮ್ಮ ಕೆಲಸದಲ್ಲಿ ಒಂದು ನಿಯಮ ಇದೆ. ಮುಖ ನೋಡಿದ್ರೇ ಗೊತ್ತಾಗೋ ಸದ್ದನ್ನ ಬರೆಯೋ ಹಾಗಿಲ್ಲ. ಇವನು ಕತ್ತಲಲ್ಲಿ ಬೆನ್ನು ತಿರುಗಿಸ್ಕೊಂಡು ನಿಂತಿದಾನೆ. ಅಳ್ತಿದಾನೋ, ಸಿಟ್ಟೋ, ಸುಸ್ತೋ ಕಾಣಲ್ಲ, ಅದಕ್ಕೆ ಇಷ್ಟು ಒದ್ದಾಡ್ತಿದೀನಿ. ನಿಮ್ಮದು ಎಲ್ಲಾ ಮುಖದ ಮೇಲೇ ಇರತ್ತಲ್ಲ, ಕಿವಿಗೊಟ್ಟು ಕೇಳೋದೇನು?"

ಇದು ಹೊಗಳಿಕೆಯೋ ತೆಗಳಿಕೆಯೋ ತಿಳಿಯಲಿಲ್ಲ. ನಿಯಮ ಇರಬಹುದು, ಹೊಟ್ಟೆಕಿಚ್ಚು ನಿಯಮ ಕೇಳಿ ಆರುವಂಥದಲ್ಲ. ಅವಳು ಹೆಡ್‌ಫೋನ್ ಏರಿಸಿ ಮತ್ತೆ ಗಡ್ಡದವನ ಬೆನ್ನಿನತ್ತ ತಿರುಗಿದಳು. ನಾನು ಎದ್ದು ಅಡುಗೆಮನೆಗೆ ಹೋದೆ.

ಟೀಗೆ ನೀರಿಟ್ಟು ಡಬ್ಬಗಳ ಮುಚ್ಚಳ ತೆಗೆಯುತ್ತ ಹೋದೆ. ರವೆ, ಕಡಲೆಬೇಳೆ, ಮತ್ತೊಂದು ರವೆ. ಅಲ್ಲಿ ನನ್ನ ಮುಖ ಯಾರಿಗೂ ಕಾಣುತ್ತಿರಲಿಲ್ಲ, ನಟಿಸುವ ಹುಮ್ಮಸ್ಸೂ ಇರಲಿಲ್ಲ. ಗಂಟಲಿನಿಂದ ತಾನಾಗಿ ಏನೋ ಹೊರಟಿತು. ಗ್ರೋನೋ ಗೊಣಗೋ ನನಗೇ ಸರಿಯಾಗಿ ಕೇಳಿಸದಷ್ಟು ಸಣ್ಣದು.

"ಟೀಪುಡಿ ಮೇಲಿನ ಸಾಲಲ್ಲಿದೆ, ಸ್ಟೀಲ್ ಡಬ್ಬದಲ್ಲಿ" ಎಂದು ಬಾಲ್ಕನಿಯಿಂದ ದನಿ ಬಂತು.

ಇಣುಕಿ ನೋಡಿದೆ. ಸಿನಿಮಾ ಓಡುತ್ತಲೇ ಇತ್ತು, ಅವಳ ಬೆರಳುಗಳೂ ಓಡುತ್ತಿದ್ದವು. ಹೆಡ್‌ಫೋನಿನ ಒಂದು ಬದಿ ಮಾತ್ರ ಕಿವಿಯ ಮೇಲಿತ್ತು. ಇನ್ನೊಂದು, ಮನೆಯ ಕಡೆಗಿದ್ದದ್ದು, ಕಿವಿಯಿಂದ ಸರಿದು ಹಿಂದೆ ಕೂತಿತ್ತು. ಅದು ಕೂತ ಜಾಗದಲ್ಲಿ ಕೂದಲು ಒತ್ತಿ ಒತ್ತಿ ತೆಳುವಾಗಿತ್ತು. ಒಂದೆರಡು ದಿನದಲ್ಲಿ ಹಾಗಾಗುವುದಿಲ್ಲ. ಅವಳು ಕೇಳುತ್ತಿಲ್ಲವೆಂದು ಇಷ್ಟು ಕಾಲ ಕುದಿದವನು ಅವಳ ಕಡೆ ಒಮ್ಮೆ ಸರಿಯಾಗಿ ನೋಡಿರಲಿಲ್ಲ.

ಗಡ್ಡದವನಿಗೆ ಸಿಕ್ಕಿದ್ದು ಒಂದೇ ಕಿವಿ. ಪಾಪ, ಇಟ್ಟುಕೊಳ್ಳಲಿ ಬಿಡಿ.