ಗಿಡದ ಮೇಲಿನ ಮಾತು

ಬೇರೆಯವರ ಮಾತಿಗೆ ಕಿವಿಗೊಡಬಾರದು ಎಂದು ಮೂವತ್ತು ವರ್ಷ ಶಾಲೆಯ ಮಕ್ಕಳಿಗೆ ಹೇಳಿದವಳು ನಾನು. ಹೇಳಿದ್ದನ್ನು ಒಂದು ದಿನವೂ ಪಾಲಿಸಿದವಳಲ್ಲ. ಬಸ್ಸಿನಲ್ಲಿ ಮುಂದಿನ ಸೀಟಿನವರು ಫೋನಿನಲ್ಲಿ ಜಗಳ ತೆಗೆದಿದ್ದರೆ ನನ್ನ ಊರು ಬಂದರೂ ಇಳಿಯಲು ಮನಸ್ಸಾಗುವುದಿಲ್ಲ. ಹಾಗಾಗಿ ನಮ್ಮ ಶಹಾಪುರದ ಮನೆಯ ಬೇವಿನ ಗಿಡ ಸವರಲು ಬಂದ ಅಕ್ಕ ತಮ್ಮ ಆ ದಿನ ಆಡಿದ ಮಾತೆಲ್ಲ ಇನ್ನೂ ನೆನಪಿದೆ ಎಂದರೆ, ನನ್ನನ್ನು ಬಲ್ಲವರು ಯಾರೂ ಬೆರಗಾಗುವುದಿಲ್ಲ.

ಬೇಸಿಗೆ ರಜೆ ಮುಗಿಯುತ್ತ ಬಂದಿತ್ತು. ಬೇವಿನ ಟೊಂಗೆಗಳು ಓಣಿಯ ಕರೆಂಟಿನ ತಂತಿಯ ಮೇಲೆ ಬಿದ್ದುಕೊಂಡಿದ್ದವು. ಮಳೆಗಾಳಿ ಶುರುವಾದರೆ ಓಣಿಗೆಲ್ಲ ಕತ್ತಲೆ, ನಮಗೆ ಬೈಗುಳ. ಲೈನ್‌ಮನ್‌ಗೆ ಹತ್ತು ಸಲ ಫೋನು ಮಾಡಿದ ಮೇಲೆ, ಒಂದು ದಿನ ಸಂಜೆಯ ತನಕ ಕರೆಂಟು ತೆಗೆಯಲು ಅವನು ಒಪ್ಪಿದ. "ಇವತ್ತೇ ಮುಗಿಸ್ಕೋರಿ ಅಕ್ಕೋರೆ, ಮತ್ತ ಕರೀಬ್ಯಾಡ್ರಿ" ಎಂದು ಹೇಳಿಯೇ ಹೋದ. ನನ್ನ ಗಂಡ ಅಂದು ಯಾವುದೋ ಕೆಲಸಕ್ಕೆ ಯಾದಗಿರಿಗೆ ಹೋಗಿದ್ದರು. ಮನೆಯಲ್ಲಿ ನಾನೊಬ್ಬಳೇ.

ಅವರಿಬ್ಬರೂ ಸುರಪುರದ ಆಚೆಯ ಬೋನಾಳದಿಂದ ಮೊಪೆಡ್ ಮೇಲೆ ಬಂದರು. ತಮ್ಮನಿಗೆ ಐವತ್ತರ ಆಸುಪಾಸು, ಬಡಕಲು ಮೈ, ಮಾತಿಲ್ಲದ ಮುಖ. ಅಕ್ಕ ಐದಾರು ವರ್ಷ ದೊಡ್ಡವಳು, ಗಟ್ಟಿ ಹೆಂಗಸು. ಗಂಡ ತೀರಿದ ಮೇಲೆ ತವರಿಗೆ ಬಂದು ಇದೇ ಕೆಲಸ ಹಿಡಿದಿದ್ದಳು. ಅವರ ಅಪ್ಪನೂ ಗಿಡ ಏರುತ್ತಿದ್ದನಂತೆ. ಆಗಲೂ ಕೆಳಗೆ ಹಗ್ಗ ಹಿಡಿಯುತ್ತಿದ್ದವಳು ಈಕೆಯೇ.

ತಮ್ಮ ಅಂಗಳದಲ್ಲಿ ಕೂತು ಕೊಡಲಿ ಮಸೆಯುತ್ತಿದ್ದಾಗ ಅಕ್ಕ ನನ್ನ ಹತ್ತಿರ ಬಂದು ದನಿ ತಗ್ಗಿಸಿದಳು.

"ಅಕ್ಕೋರೆ, ಒಂದ್ ಮಾತ್ ಹೇಳ್ತೀನ್ರಿ. ಹ್ವಾದ ತಿಂಗ್ಳ ಒಂದು ಹುಣಸಿ ಗಿಡದ ಮ್ಯಾಲ ಇದ್ದಾಗ ಇವಗ ಕಣ್ಣಿಗಿ ಕತ್ತಲಿ ಬಂದಿತ್ರಿ. ದವಾಖಾನಿಗಿ ನಡಿ ಅಂದ್ರ ಬರವಲ್ಲ. ಇನ್ನೊಂದ್ ಸಲ ಹಂಗಾತಂದ್ರ ನಾ ಹಗ್ಗ ಹಿಡಿಯಂಗಿಲ್ಲ ಅಂತ ಹೇಳಿಬಿಟ್ಟೀನಿ. ನಾ ಹಿಡೀಲಿಲ್ಲಂದ್ರ ಅಂವ ಏರಂಗಿಲ್ಲ."

ತಮ್ಮ ತಲೆ ಎತ್ತದೆಯೇ, "ಯಕ್ಕಾ, ಗಿಡ ಕೇಳಸ್ಕೊಳ್ತದ, ಸಾಕ್ ಮಾಡು" ಎಂದ. ಅವನ ದನಿಯಲ್ಲಿ ನಗೆಯಿತ್ತು. ಆದರೆ ಕೊಡಲಿ ಮಸೆಯುವ ಕೈ ನಿಂತಿದ್ದನ್ನು ನಾನು ನೋಡಿದೆ.

ಅವರ ಹಗ್ಗದ ಲೆಕ್ಕಾಚಾರ ಸರಳವಾದದ್ದು. ಒಂದು ತುದಿ ಅವನ ಸೊಂಟಕ್ಕೆ. ಅಲ್ಲಿಂದ ಅದು ಎತ್ತರದ ಒಂದು ಕವಲಿನ ಮೇಲೆ ಹಾಯ್ದು, ಕೆಳಗಿಳಿದು, ಬೊಡ್ಡೆಗೆ ಒಂದು ಸುತ್ತು ಹಾಕಿಕೊಂಡು ಅಕ್ಕನ ಕೈಗೆ ಬರುತ್ತಿತ್ತು. ಅವನು ಅತ್ತಿತ್ತ ಸರಿದಂತೆ ಅವಳು ಬಿಡುತ್ತಿದ್ದಳು, ಎಳೆದುಕೊಳ್ಳುತ್ತಿದ್ದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ನೆಲ ನೋಡುತ್ತಲೇ ನಿಂತಿದ್ದಳು. "ಮ್ಯಾಲ ನೋಡಂಗಿಲ್ಲೇನು?" ಎಂದು ಕೇಳಿದೆ. "ಕಣ್ಣಾಗ ಕಸ ಬೀಳ್ತದ್ರಿ. ನೋಡಿದ್ರೂ ಈ ತೊಪ್ಪಲದಾಗ ಅಂವ ಎಲ್ಲಿ ಕಾಣಬೇಕು" ಎಂದಳು.

ನಾನು ಅಡುಗೆಮನೆಗೆ ಬಂದು ಒಲೆ ಹಚ್ಚಿದೆ. ಅಷ್ಟು ಹೊತ್ತಿನಲ್ಲಿ ಒಂದೇ ಒಂದು ಮಾತಾಡಿದ್ದ ಮನುಷ್ಯ ಎರಡನೆಯ ಕವಲು ದಾಟಿದ್ದೇ ತಡ, ಮಾತು ಶುರುವಾಯಿತು.

"ತಮ್ಮಾ, ನಿನ್ನಿ ಸುರಪುರ ಸಂತ್ಯಾಗ ಏನ್ ತಗೊಂಡಿ?" ಕೆಳಗಿನಿಂದ ಅಕ್ಕ.

"ಚಪ್ಪಲಿ ತಗೊಂಡ್ನಿ."

"ಎಷ್ಟನೇ ನಂಬರ?"

"ಎಡಗಾಲಿಂದು ಎಂಟು, ಬಲಗಾಲಿಂದು ಒಂಬತ್ತು."

"ಹಂಗ ಹ್ಯಾಂಗ ಕೊಟ್ಟ ಅಂವ?"

"ಎಲ್ಲಿ ಕೊಡ್ತಾನ! ಜಗಳಾಡಿ ತಗೊಂಡ್ನಿ. ಗಿಡ ಏರಿ ಏರಿ ನನ್ನ ಬಲಗಾಲ ದೊಡ್ಡದಾಗ್ಯದ. ಉಳಿದ ಜೋಡಿ ಯಾರಿಗಿ ಮಾರ್ಲಿ ಅಂದ ಅಂಗಡ್ಯಾಂವ."

"ನೀ ಏನಂದಿ?"

"ಎಡಗಾಲಿಲೆ ಗಿಡ ಏರಾಂವ ಒಬ್ಬ ಬರ್ತಾನ, ಇಟ್ಟಿರು ಅಂದ್ನಿ."

ನನ್ನ ಕೈಯಲ್ಲಿನ ಚಹಾದ ಸೋಸಣಿಗೆ ಜಾರಿತು. ಒಲೆಯ ಮುಂದೆ ಒಬ್ಬಳೇ ನಕ್ಕೆ. ಇಷ್ಟು ರಸವತ್ತಾಗಿ ಮಾತಾಡುವವನು ಅಂಗಳದಲ್ಲಿ ಕೂತಾಗ ಮೂಗನಂತೆ ಇದ್ದನಲ್ಲ ಎಂದು ಸೋಜಿಗವಾಯಿತು. ಇದಕ್ಕಿಂತ ದೊಡ್ಡ ಸೋಜಿಗ ಆಮೇಲೆ. ಹತ್ತು ನಿಮಿಷ ಕಳೆದಿರಲಿಲ್ಲ, ಅಕ್ಕ ಮತ್ತೆ ಕೇಳಿದಳು: "ತಮ್ಮಾ, ಚಪ್ಪಲಿ ಎಷ್ಟನೇ ನಂಬರ ಅಂದಿ?" ಅವನು ಬೇಸರವಿಲ್ಲದೆ ಮೊದಲಿನಿಂದ ಹೇಳಿದ. ಎಂಟು, ಒಂಬತ್ತು, ಅಂಗಡಿಯವನು, ಜಗಳ, ಎಲ್ಲವೂ. ಈ ಸಲ ಅಂಗಡಿಯವನ ಮೀಸೆಯೂ ಸೇರಿಕೊಂಡಿತು.

ಹೀಗೇ ನಡೆಯಿತು. ಬೆಳಿಗ್ಗೆ ಪುಂಡಿಪಲ್ಯಕ್ಕೆ ಉಪ್ಪು ಹೆಚ್ಚಾದದ್ದು, ಸೈದಾಪುರದ ಮದುವೆಯಲ್ಲಿ ಎರಡು ಪಂಕ್ತಿಯಲ್ಲಿ ಊಟಕ್ಕೆ ಕೂತದ್ದು, ಕಡೇಚೂರಿನ ಕಾರ್ಖಾನೆಗೆ ಹೋಗುವ ಸೊಸೆ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಬಂದಾಗ ಮನೆಯ ನಾಯಿ ಬೊಗಳಿದ್ದು. ಅಕ್ಕನಿಗೆ ಗೊತ್ತಿಲ್ಲದ್ದು ಇದರಲ್ಲಿ ಒಂದೂ ಇರಲಿಲ್ಲ. ಪಲ್ಯ ಮಾಡಿದವಳು ಅವಳೇ. ಮದುವೆಗೆ ಅವಳೂ ಹೋಗಿದ್ದಳು. ಆದರೂ ಕೇಳುತ್ತಿದ್ದಳು, ಅವನು ಹೇಳುತ್ತಿದ್ದ. ಕೊಡಲಿಯ ಏಟು ಬೀಳುವಾಗ ಮಾತು ಚಿಕ್ಕದಾಗುತ್ತಿತ್ತು, ಅಷ್ಟೇ. ಕೆಲಸದ ಹೊತ್ತಿನಲ್ಲಿ ಹರಟೆ ಬೇಡ ಎಂದು ತರಗತಿಯಲ್ಲಿ ಮೇಜು ಬಡಿಯುತ್ತಿದ್ದ ನನಗೆ ಇದು ಅರ್ಥವಾಗಲಿಲ್ಲ. ಆದರೆ ಕಿವಿ ಅತ್ತಲೇ ಇತ್ತು. ಅನ್ನ ತಳ ಹಿಡಿಯಿತು.

ಮಧ್ಯಾಹ್ನ ಅವನು ಕೆಳಗಿಳಿದ. ಇಬ್ಬರೂ ಕಟ್ಟೆಯ ಮೇಲೆ ರೊಟ್ಟಿಯ ಗಂಟು ಬಿಚ್ಚಿದರು. ಈಗ ಇನ್ನೂ ಒಳ್ಳೆಯ ಕಥೆ ಬರುತ್ತದೆ ಎಂದು ನಾನು ಮಜ್ಜಿಗೆಯ ನೆಪದಲ್ಲಿ ಹತ್ತಿರ ಹೋಗಿ ಕೂತೆ. ಒಂದು ಮಾತಿಲ್ಲ. ರೊಟ್ಟಿ ಮುರಿಯುವ ಸದ್ದು ಬಿಟ್ಟರೆ ಏನೂ ಇಲ್ಲ. ಸಿಟ್ಟಾಗಿದ್ದಾರೇನೋ ಎಂದು ಅನುಮಾನವಾಗಿ ಅಕ್ಕನನ್ನು ಕೇಳಿಯೇಬಿಟ್ಟೆ.

"ಸಿಟ್ಯಾಕ್ರಿ? ಇಲ್ಲೇ ಕಣ್ಣ ಮುಂದ ಕುಂತಾನಲ್ರಿ" ಎಂದಳು. ಅದು ಉತ್ತರ ಎಂದು ನನಗೆ ಅನಿಸಲಿಲ್ಲ.

ತಮ್ಮನ ಕಡೆ ತಿರುಗಿ, "ಈ ವಯಸ್ಸಿನಾಗ ಯಾಕಪಾ ಗಿಡ ಏರೋದು, ಬ್ಯಾರೆ ಕೆಲಸ ಇಲ್ಲೇನು?" ಎಂದೆ. ಅವನು ಬಹಳ ಹೊತ್ತು ರೊಟ್ಟಿ ಅಗಿದ.

"ಕೆಳಗ ಎಲ್ಲಾರೂ ನನಗ ಹೇಳಾವ್ರೇ ಅದಾರ್ರಿ ಅಕ್ಕೋರೆ. ಮ್ಯಾಲ ಹೋದ್ರ ನಾ ಹೇಳಿದಂಗ."

ಆ ಮಾತು ನನಗೆ ಬಹಳ ಹಿಡಿಸಿತು. ಆಮೇಲೆ ನಾನು ಮಾಡಿದ್ದಕ್ಕೆ ಆ ಮಾತೂ ಒಂದು ಕಾರಣ. ಇನ್ನೊಂದು ಕಾರಣ ನನ್ನ ಸ್ವಾರ್ಥ. ಗಿಡ ಅರ್ಧವೇ ಮುಗಿದಿತ್ತು, ಲೈನ್‌ಮನ್ ಮತ್ತೆ ಕರೆಂಟು ತೆಗೆಯುವವನಲ್ಲ.

ಊಟವಾದ ಮೇಲೆ ಅವನು ಮನೆಯ ಕಡೆಯ ದೊಡ್ಡ ಟೊಂಗೆಗೆ ಏರಿದ. ಮಾಳಿಗೆಯ ಮೇಲೆ ಸಂಡಿಗೆ ಒಣಹಾಕಿದ್ದೆ. ತೆಗೆಯುವ ಹೊತ್ತಾಗಿರಲಿಲ್ಲ, ಆದರೂ ತೆಗೆಯಲು ಹೋದೆ. ಅಲ್ಲಿಂದ ಅವನು ಹತ್ತು ಮೊಳ ದೂರದಲ್ಲಿ ಎದುರಿಗೇ ಕಾಣುತ್ತಿದ್ದ. ಕೆಳಗೆ ಬೊಡ್ಡೆಯ ಆ ಮಗ್ಗುಲಲ್ಲಿ ಅಕ್ಕನ ಸೆರಗಿನ ತಲೆ. ಅವನು ಮದುವೆಯ ಊಟದ ಕಥೆಯನ್ನು ಮೂರನೆಯ ಸಲ ಹೇಳುತ್ತಿದ್ದ. ಎರಡನೆಯ ಪಂಕ್ತಿಗೆ ಕೂತಾಗ ಬಡಿಸುವವನು ಗುರುತು ಹಿಡಿದ ಎನ್ನುವಲ್ಲಿ ಮಾತು ನಿಂತಿತು.

ನಾನು ತಲೆ ಎತ್ತಿದೆ. ಅವನು ಕೊಡಲಿಯನ್ನು ಕವಲಿಗೆ ಸಿಕ್ಕಿಸಿ, ಎರಡೂ ತೋಳುಗಳಿಂದ ಟೊಂಗೆಯನ್ನು ತಬ್ಬಿಕೊಂಡು ಕಣ್ಣು ಮುಚ್ಚಿದ್ದ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ಗುರ್ತು ಹಿಡದು ಏನಂದ, ತಮ್ಮಾ?"

ಅವನು ಕಣ್ಣು ತೆರೆದು ನನ್ನನ್ನು ಕಂಡ. ಒಂದು ಕೈ ಬಿಡಿಸಿ, ತುಟಿಯ ಮೇಲೆ ಬೆರಳಿಟ್ಟು, ಬೇಡ ಎಂಬಂತೆ ಆಡಿಸಿದ.

"ತಮ್ಮಾ?" ಕೆಳಗಿನ ದನಿ ಗಟ್ಟಿಯಾಯಿತು. ಅವನ ಬೆನ್ನ ಹಿಂದೆ ಸಡಿಲಾಗಿ ತೂಗುತ್ತಿದ್ದ ಹಗ್ಗ ಸರಸರನೆ ಮೇಲೇರುತ್ತಿತ್ತು. ಅದನ್ನು ನೋಡಿದೆ. ನೋಡಿಯೂ ಏನೆಂದು ತಿಳಿಯಲಿಲ್ಲ.

ನಾನು ಮಾಳಿಗೆಯ ಅಂಚಿಗೆ ಬಂದು ಕೂಗಿದೆ: "ಏನಿಲ್ಲವಾ, ನನ್ನ ಜೋಡಿ ಮಾತಾಡಾಕತ್ತಾನ. ಒಂದ್ ಸ್ವಲ್ಪ ನೀರ್ ಬೇಕಂತ."

"ಹೌದೇನ್ರಿ" ಎಂದಳು. ಏರುತ್ತಿದ್ದ ಹಗ್ಗ ನಿಂತಿತು. ಆಮೇಲೆ ಸಡಿಲಾಗಿ ಒಂದಾಳುದ್ದ ಕೆಳಗೆ ಜೋತುಬಿತ್ತು, ಅವನು ನೀರಿಗಾಗಿ ನನ್ನತ್ತ ಸರಿಯಲಿ ಎಂದು ಅವಳು ಬಿಟ್ಟದ್ದು.

ಅವನ ತೋಳು ಜಾರಿತು. ಕೂಗಲೂ ಇಲ್ಲ. ಟೊಂಗೆಯಿಂದ ಪಕ್ಕಕ್ಕೆ ಉರುಳಿ, ಆ ಸಡಿಲಿನಷ್ಟೂ ಬಿದ್ದು, ಇನ್ನಷ್ಟು ಬಿದ್ದು, ಕಂಪೌಂಡ್ ಗೋಡೆಗೆ ಬಡಿದುಕೊಂಡು ನೆಲದಿಂದ ಎರಡು ಮೊಳ ಮೇಲೆ ನಿಂತ. ಬೊಡ್ಡೆಯ ಸುತ್ತ ಹಗ್ಗ ಕಿರುಗುಟ್ಟಿದ ಸದ್ದು ಈಗಲೂ ಕಿವಿಯಲ್ಲಿದೆ. ನಾನು ಸಂಡಿಗೆಯ ಮೇಲೆಯೇ ಓಡಿ ಕೆಳಗಿಳಿದೆ.

ಅವನ ಮೊಣಕೈ ಸುಲಿದಿತ್ತು, ಪಕ್ಕೆಲುಬಿಗೆ ಪೆಟ್ಟಾಗಿತ್ತು. ಉಸಿರಿತ್ತು, ಎಚ್ಚರವಿತ್ತು. ಅಕ್ಕ ಅವನನ್ನು ನೆಲಕ್ಕೆ ಇಳಿಸಿದ ಮೇಲೆಯೇ ಹಗ್ಗ ಬಿಟ್ಟಳು. ಅವಳ ಎರಡೂ ಅಂಗೈಗಳ ಚರ್ಮ ಎದ್ದುಬಂದಿತ್ತು. ನಾನು ಅರಿಶಿನ, ಬಟ್ಟೆ ತಂದು ಕಟ್ಟಹೋದರೆ ಅವಳು ಕೈ ಕೊಡಲಿಲ್ಲ.

"ನೀವ್ಯಾಕ್ ಮಾತಾಡಿದ್ರಿ ಅಕ್ಕೋರೆ? ಅಂವ ಮಾತಾಡಿದ್ರ ಹಗ್ಗ ಬಿಡ್ತೀನಿ. ಮಾತ್ ನಿಂತ್ರ ಎಳ್ಕೊಂಡು ಬಿಗೀತೀನಿ. ನಮ್ಮಪ್ಪನ ಕಾಲದಿಂದ ಹಿಂಗೇ. ಅವನ ದನಿ ಕೇಳಿದ್ರ ದಣದಾನೋ ಇಲ್ಲೋ ನನಗ ತಿಳೀತದ. ಬಿಗಿಯಾಕತ್ತಿದ್ನಿ. ನೀವು ಬಿಡಿಸಿದ್ರಿ."

ಬೆಳಗಿನಿಂದ ನಾನು ಕದ್ದು ಸವಿದದ್ದು ಹರಟೆಯಾಗಿರಲಿಲ್ಲ. ಗಿಡದ ಮೇಲಿನ ಜೀವವನ್ನು ಅವಳು ಆ ಮಾತಿನಿಂದಲೇ ಹಿಡಿದುಕೊಂಡಿದ್ದಳು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಅವಳು ಮತ್ತೆ ಕೇಳಿದಳು, ಈ ಸಲ ಮೆತ್ತಗೆ: "ನೀವಾಗೇ ಅಂದ್ರೇನು? ಇಲ್ಲಾ ಅಂವ ಹೇಳಂದ್ನೇನು?"

ತಮ್ಮ ಗೋಡೆಗೆ ಒರಗಿ ಕೂತಿದ್ದ. ನನ್ನ ಕಡೆ ನೋಡಿದ. ಬೇಡಿಕೊಳ್ಳುವ ನೋಟವಾಗಿದ್ದರೆ ಸುಲಭವಿತ್ತು. ಅವನು ಸುಮ್ಮನೆ ಕಾಯುತ್ತಿದ್ದ. ನಾನಾಗಿಯೇ ಅಂದೆ ಎಂದರೆ ಕಾಲು ಜಾರಿತು ಎಂದು ಅವನು ಹೇಳಿಕೊಳ್ಳಬಹುದಿತ್ತು. ವಾರದಲ್ಲಿ ಮತ್ತೆ ಏರಬಹುದಿತ್ತು. ಒಂದು ಸುಳ್ಳು ಆಗಲೇ ಹೇಳಿದ್ದೆ, ಇನ್ನೊಂದು ನಾಲಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಅವಳ ಅಂಗೈ ಕಣ್ಣಿಗೆ ಬಿತ್ತು.

"ಅವಗ ಕಣ್ಣಿಗೆ ಕತ್ತಲಿ ಬಂದಿತ್ತವಾ" ಎಂದೆ. "ಹೇಳಬ್ಯಾಡ ಅಂತ ಕೈ ಮಾಡಿದ."

ಅವಳು ಅಳಲಿಲ್ಲ, ಬೈಯಲಿಲ್ಲ. ಬಗ್ಗಿ ಅವನ ಸೊಂಟದ ಗಂಟಿಗೆ ಕೈ ಹಾಕಿದಳು. ಸುಲಿದ ಕೈಗೆ ಗಂಟು ಬಿಚ್ಚಲಾಗಲಿಲ್ಲ. ಕೊನೆಗೆ ಅವನೇ ಬಿಚ್ಚಿಕೊಂಡು ಹಗ್ಗವನ್ನು ಸುತ್ತಿ ಅವಳ ಮಡಿಲಿಗೆ ಇಟ್ಟ. ಓಣಿಯವರೊಬ್ಬರು ಆಟೋ ಕರೆಸಿ ಇಬ್ಬರನ್ನೂ ಆಸ್ಪತ್ರೆಗೆ ಕಳಿಸಿದರು. ಉಳಿದ ಅರ್ಧ ಗಿಡವನ್ನು ಮುಂದಿನ ವಾರ ಬೇರೆಯವರು ಯಂತ್ರದ ಗರಗಸ ತಂದು ಒಂದು ತಾಸಿನಲ್ಲಿ ಕತ್ತರಿಸಿದರು. ಆ ಸದ್ದಿನಲ್ಲಿ ಅವರು ಏನು ಮಾತಾಡಿಕೊಂಡರೋ ನನಗೆ ಕೇಳಲಿಲ್ಲ. ಕೇಳುವ ಮನಸ್ಸೂ ಇರಲಿಲ್ಲ.

ದಸರೆಯ ಹೊತ್ತಿಗೆ ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಅಕ್ಕ ಸಿಕ್ಕಳು. ನಾನು ಮುಖ ತಪ್ಪಿಸಬೇಕು ಅನ್ನುವಷ್ಟರಲ್ಲಿ ಅವಳೇ ಕರೆದು ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ಅಂಗೈಗಳು ಮಾಯ್ದಿದ್ದವು. ತಮ್ಮ ಹೇಗಿದ್ದಾನೆ ಎಂದು ಕೇಳಿದೆ.

"ಆರಾಮ್ ಅದಾನ್ರಿ. ಬಿ.ಪಿ. ಗುಳಗಿ ಕೊಟ್ಟಾರ, ದಿನಾ ನುಂಗ್ತಾನ. ನಾಕ್ ಕುರಿ ಸಾಕೀವಿ, ಕಾಯ್ತಾನ. ಗಿಡದ ತಂಟಿಗೇ ಹೋಗಂಗಿಲ್ಲ. ನೀವ್ ಅವತ್ತು ಖರೇ ಹೇಳಿದ್ದು ಚಲೋ ಆತ್ರಿ."

ನನ್ನ ಎದೆಯ ಮೇಲಿನ ಭಾರ ಇಳಿಯಿತು. ಇಳಿದದ್ದೇ ನನ್ನ ಹಳೆಯ ಚಾಳಿ ಎದ್ದಿತು. "ಏನಂತಾನ? ಹೊಸ ಕಥಿ ಏನಾರ ಅದಾವೇನು?" ಎಂದು ಕೇಳಿದೆ.

ಅವಳು ಸುರಪುರದ ಬಸ್ಸು ಬರುವ ದಿಕ್ಕಿಗೆ ಮುಖ ತಿರುಗಿಸಿದಳು.

"ಮೊನ್ನಿ ಅಂವ ಸಂತಿಗಿ ಹೋಗಿದ್ದನ್ರಿ. ಬಂದ ಮ್ಯಾಲ ಕೇಳಿದ್ನಿ, ಏನೇನ್ ತಂದಿ ತಮ್ಮಾ ಅಂತ. 'ಚೀಲದಾಗ ಅದ, ನೋಡ್ಕೋ' ಅಂದನ್ರಿ."