ತಲೆ ಎಣಿಸಿ ಕೀಲಿ ಕೊಡುತ್ತಿದ್ದ ಮಾದೇವಕ್ಕ

ಒಂದು ಕೀಲಿ ಇಟ್ಟುಕೊಳ್ಳಲಿಕ್ಕೆ ಇಪ್ಪತ್ತು ರೂಪಾಯಿ. ಹೊನ್ನಾವರದ ಕಡಲತಡಿಯಲ್ಲಿ ಲಿಂಬು ಸೋಡಾ ಮಾರುತ್ತಿದ್ದ ಮಾದೇವಕ್ಕನ ರೇಟು ಅದು. ನೀರಿಗಿಳಿಯುವವರು ಗಾಡಿಯ ಕೀಲಿಯನ್ನು ಅವಳ ಕೈಗೆ ಕೊಟ್ಟು ಹೋಗುತ್ತಿದ್ದರು. ಒಂದು ಹಳೇ ಟೆಂಪೊದಿಂದ ಪ್ರವಾಸಿಗರ ಧಂದೆ ಶುರು ಮಾಡಿದ ನಾನು ಚೌಕಾಶಿ ಮಾಡದೆ ಬಾಳೆಹಣ್ಣೂ ಕೊಂಡವನಲ್ಲ. "ಸುಮ್ಮನೆ ಕೂತು ಕೀಲಿ ಕಾಯಲಿಕ್ಕೆ ಇಪ್ಪತ್ತೆಂತಕ್ಕೆ? ಹತ್ತು ತಕ್ಕೊ" ಎಂದೆ.

"ಕೀಲಿ ಕಾಯೂದು ಪುಕ್ಕಟೆ ತಮಾ. ಇಪ್ಪತ್ತು, ತಲೆ ಎಣ್ಸೂದಕ್ಕೆ."

ಗಾಡಿಯಿಂದ ಎಷ್ಟು ಜನ ಇಳಿದರೋ ಅಷ್ಟು ಸೋಡಾ ಮುಚ್ಚಳಗಳನ್ನು ಕೀಲಿಯ ಜೊತೆ ಕರಟಕ್ಕೆ ಹಾಕಿಡುವಳು. ನೀರಿನಿಂದ ಬಂದವರು ಅವಳೆದುರು ಹಾಜರಿ ಹಾಕಬೇಕು. ತಲೆಗೊಂದು ಮುಚ್ಚಳ ಹೊರಗೆ. ಕರಟದಲ್ಲಿ ಬರೀ ಕೀಲಿ ಉಳಿದ ಮೇಲೇ ಅದು ನಮ್ಮ ಕೈಗೆ. ಒಬ್ಬ ಸಾಹೇಬರು ರೇಗಿದಾಗ, "ನೀವು ದೊಡ್ಡವ್ರು ಖರೆ. ಸಮುದ್ರಕ್ಕೆ ಅದು ಗೊತ್ತಿರೂದಿಲ್ಲ" ಎಂದಿದ್ದಳು.

ಒಮ್ಮೆ ಮುಂಬೈಯಿಂದ ಬಂದಿದ್ದ ಹನ್ನೊಂದು ಜನರ ಕುಟುಂಬವನ್ನು ಇಡಗುಂಜಿ ಗಣಪತಿಯ ದರ್ಶನ ಮುಗಿಸಿ ಅಲ್ಲಿ ಇಳಿಸಿ, ಕೀಲಿ ಅವಳಿಗೆ ಕೊಟ್ಟು ನಾನೂ ನೀರಿಗಿಳಿದಿದ್ದೆ. ವಾಪಸಿನ ರೈಲಿಗೆ ಮುಕ್ಕಾಲು ಗಂಟೆ ಇತ್ತು. ಕರಟದಲ್ಲಿ ಒಂದು ಮುಚ್ಚಳ ಉಳಿಯಿತು.

"ಭಾವ ರಿಕ್ಷಾ ಹಿಡಿದು ಮುಂದೆ ಹೋದರಂತೆ" ಎಂದರು ಯಾರೋ.

"ಅಂತೆ ಗಿಂತೆ ಬ್ಯಾಡ. ತಲೆ ತೋರ್ಸಿ."

"ಕೊಡೇ ಮಾರಾಯ್ತಿ, ರೈಲು ತಪ್ತದೆ!" ಎಂದು ನೂರರ ನೋಟು ಚಾಚಿದೆ.

"ರೈಲು ನಾಳೆನೂ ಬತ್ತದೆ" ಎಂದು ಕರಟವನ್ನು ಸೆರಗಿನಡಿ ಹಾಕಿಕೊಂಡಳು.

ನಾನು ಬೈದೆ. ಅವಳು ನನಗಿಂತ ಜೋರಾಗಿ ಬೈದಳು. ಆ ಗದ್ದಲಕ್ಕೆ ಬಲೆ ರಿಪೇರಿ ಮಾಡುತ್ತಿದ್ದವರು ಎದ್ದು ಬಂದರು. ಅವರಲ್ಲೊಬ್ಬ, "ಕೆಂಪು ಅಂಗಿಯವ ಒಬ್ಬ ಬಂಡೆ ಮೇಲೆ ಫೋಟೋ ಹೊಡೀತಿದ್ನಲ್ಲ?" ಎಂದ. ಓಡಿದೆವು. ನೀರು ಏರಿ ಬಂಡೆಯ ಸುತ್ತ ಕಡಲಾಗಿತ್ತು. ಭಾವ ಬಾಯಿಬಿಟ್ಟು ಕೂಗುತ್ತಿದ್ದರು. ಗಾಳಿಗೆ ಒಂದಕ್ಷರವೂ ದಡ ಮುಟ್ಟುತ್ತಿರಲಿಲ್ಲ. ದೋಣಿ ಹೋಗುವಷ್ಟರಲ್ಲಿ ನೀರು ಅವರ ಮೊಣಕಾಲಿಗೆ ಬಂದಿತ್ತು.

ಗಡಗಡ ನಡುಗುತ್ತಿದ್ದ ಭಾವನಿಗೆ ಮಾದೇವಕ್ಕ ಸೋಡಾ ಒಡೆದು ಕೊಟ್ಟಳು. ಅದರ ದುಡ್ಡನ್ನೂ ಬಿಡಲಿಲ್ಲ.

ಹೋದ ವರ್ಷ ಅಂಗಡಿ ಮುಚ್ಚಿ ಶಿರಾಲಿಯ ಮಗಳ ಮನೆಗೆ ಹೊರಟಳು. ಕಣ್ಣಿನ ಆಪರೇಷನ್ ಆದರೂ ದೂರದ್ದು ಮಂಜಂತೆ. "ಇನ್ನೊಂದು ವರ್ಷ ಇರು, ಕೀಲಿಗೆ ಐವತ್ತು ಕೊಡುತ್ತೇನೆ" ಎಂದೆ. ನಾನಾಗಿ ರೇಟು ಏರಿಸಿದ್ದು ಜೀವಮಾನದಲ್ಲಿ ಅದೊಂದೇ ಸಲ.

"ಕಣ್ಣು ಕಾಣದವಳಿಗೆ ಐವತ್ತು ಕೊಡೂಕೆ ಬಂದ್ಯಲ, ನೀ ಎಂತಾ ವ್ಯಾಪಾರಿಯೋ!" ಎಂದು ನಕ್ಕು ಬಸ್ಸು ಹತ್ತಿದಳು.

ಈಗ ಆ ಜಾಗದಲ್ಲಿ ಯಾರೂ ಇಲ್ಲ. ಆದ್ದರಿಂದ ನಮ್ಮ ಕಡೆ ಬರುವವರಿಗೆ ಒಂದು ಮಾತು: ನೀರಿಗಿಳಿಯುವ ಮುಂಚೆ ನಿಮ್ಮಲ್ಲೇ ಒಬ್ಬರನ್ನು ದಡದ ಮೇಲೆ ಕೂರಿಸಿ, ಕೀಲಿ ಅವರ ಕೈಗೇ ಕೊಡಿ. ಸಂಕೋಚದ ಸ್ವಭಾವದವರು ಬೇಡ, "ಹೊತ್ತಾಯಿತು" ಎಂದೊಡನೆ ಕೊಟ್ಟುಬಿಡುತ್ತಾರೆ. ಮನೆಯಲ್ಲಿ ಎಲ್ಲರಿಗಿಂತ ದೊಡ್ಡ ಜಗಳಗಂಟರು ಯಾರೋ, ಅವರನ್ನೇ ಕೂರಿಸಿ.